ನಮ್ಮ ಪಾರ್ಕಿಗೊಂದು ಗಾರ್ನಾ ಹೆಸರು ಕೇಳಿದ ಕಥೆ

ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಸಣ್ಣ ಪಾರ್ಕಿದೆ. ಪಾರ್ಕು ಅಂದರೆ ಉಯ್ಯಾಲೆ, ಜಾರುಬಂಡೆ ಇರುವ ಜಾಗವಲ್ಲ. ಒಂದು ತೊರೆ, ಅದರ ಎರಡೂ ದಡದಲ್ಲಿ ವಯಸ್ಸಾದ ರೆಡ್ ಗಮ್ ಮರಗಳು, ಅಷ್ಟೇ. ಬೇಸಿಗೆಯಲ್ಲಿ ತೊರೆ ಪೂರ್ತಿ ಒಣಗುತ್ತದೆ. ತಿಂಗಳಿಗೊಂದು ಭಾನುವಾರ ನಾವು ಹನ್ನೆರಡು ಜನ ಸೇರಿ ಅಲ್ಲಿ ಕಳೆ ಕೀಳುತ್ತೇವೆ, ಆ ನೆಲದ್ದೇ ಜಾತಿಯ ಗಿಡಗಳನ್ನು ನೆಡುತ್ತೇವೆ. ಬೋರ್ಡಿನ ಮೇಲೆ ಯಾವುದೋ ಕಾಲದ ಒಬ್ಬ ಕೌನ್ಸಿಲರ್ ಹೆಸರಿದೆ. ಆ ಜಾಗಕ್ಕೆ ಗಾರ್ನಾ ಭಾಷೆಯ ಹೆಸರೂ ಸಿಗಬೇಕು ಅಂತ ನಾವು ಹೊರಟಿದ್ದು 2023ರ ಮೇ ತಿಂಗಳಲ್ಲಿ. ಆರು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆವು. ಎರಡು ವರ್ಷದ ಮೇಲಾಯಿತು, ಇನ್ನೂ ಮುಗಿದಿಲ್ಲ. ಈ ಎರಡು ವರ್ಷದಲ್ಲಿ ಕಲಿತದ್ದನ್ನು ಮರೆಯುವ ಮೊದಲು ಬರೆದಿಡಬೇಕು ಅನ್ನಿಸಿತು.

ಗಾರ್ನಾ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅವರು ಇಲ್ಲಿಯ ಮೂಲನಿವಾಸಿಗಳು, ಅಡಿಲೇಡ್ ಬಯಲು ಅವರ ನೆಲ. ಇಂಗ್ಲಿಷಿನಲ್ಲಿ ಬರೆದಿದ್ದನ್ನು ಹಾಗೇ ಓದಿದರೆ ಕೌರ್ನಾ ಅಂತ ಬರುತ್ತದೆ, ನಾನೂ ಮೊದಲ ಮೂರು ವರ್ಷ ಹಾಗೇ ಹೇಳುತ್ತಿದ್ದೆ. ಇಲ್ಲಿಯವರ ಬಾಯಲ್ಲಿ ಅದು ಗಾರ್ನಾ. 1836ರಲ್ಲಿ ಬ್ರಿಟಿಷರು ಇಲ್ಲಿ ವಸಾಹತು ಘೋಷಿಸಿದರು, ಮರುವರ್ಷ ಕರ್ನಲ್ ಲೈಟ್ ಎಂಬಾತ ಬೀದಿ, ಚೌಕ ಎಲ್ಲ ಅಳೆದು ಗೆರೆ ಎಳೆದ, ಎಲ್ಲಕ್ಕೂ ರಾಣಿ, ಗವರ್ನರ್, ಅಧಿಕಾರಿಗಳ ಹೆಸರು ಬಂತು. 1838ರಲ್ಲಿ ಟೈಕೆಲ್‌ಮನ್ ಮತ್ತು ಶೂರ್‌ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು ಬಂದಿಳಿದರು. ಅವರು ಬಂದ ಹಡಗಿನ ಹೆಸರು ಪೆಸ್ತೋಂಜಿ ಬೊಮಾಂಜಿ. ಪಾರ್ಸಿ ಹೆಸರು! ಇದನ್ನು ಓದಿದ ದಿನ ನಾನು ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಆ ಇಬ್ಬರು ಗಾರ್ನಾ ಜನರ ಜೊತೆ ಕೂತು ಅವರ ಭಾಷೆ ಕಲಿತರು. 1839ರ ಡಿಸೆಂಬರಿನಲ್ಲಿ ನದಿ ದಡದಲ್ಲಿ ಗಾರ್ನಾ ಭಾಷೆಯಲ್ಲೇ ಪಾಠ ಹೇಳುವ ಶಾಲೆ ತೆರೆದರು. 1840ರಲ್ಲಿ ವ್ಯಾಕರಣವನ್ನೂ ಸುಮಾರು 2000 ಪದಗಳ ಪಟ್ಟಿಯನ್ನೂ ಅಚ್ಚು ಹಾಕಿಸಿದರು. ಶಾಲೆ 1845ರಲ್ಲಿ ಮುಚ್ಚಿತು. ಮಕ್ಕಳನ್ನು ಇಂಗ್ಲಿಷ್ ಮಾತ್ರ ಕಲಿಸುವ ಶಾಲೆಗೆ ಹಾಕಿದರು. ರೋಗ, ನೆಲ ಕಳೆದುಕೊಂಡದ್ದು, ಮಿಷನ್ನುಗಳಿಗೆ ಸಾಗಿಸಿದ್ದು, ಎಲ್ಲ ಸೇರಿ ಭಾಷೆ ಮನೆಗಳಿಂದ ಹೋಯಿತು. ಚೆನ್ನಾಗಿ ಗಾರ್ನಾ ಮಾತಾಡಬಲ್ಲ ಕೊನೆಯವರು ಅಂತ ಹೇಳುವ ಇವರಿಚಿ ಎಂಬ ಹೆಂಗಸು 1929ರಲ್ಲಿ ತೀರಿಕೊಂಡರು. ಅವರ ಹೆಸರಿನ ಅರ್ಥ ತುಂತುರು ಮಳೆ.

ಆಮೇಲೆ ಅರವತ್ತು ವರ್ಷ ಮೌನ. 1990ರ ಹೊತ್ತಿಗೆ ಗಾರ್ನಾ ಹಿರಿಯರು, ಅವರ ಜೊತೆ ಭಾಷಾವಿಜ್ಞಾನಿ ರಾಬ್ ಅಮರಿ, ಆ 1840ರ ಪುಸ್ತಕವನ್ನೇ ಆಧಾರ ಮಾಡಿಕೊಂಡು ಹಾಡು ಕಟ್ಟಿದರು, ಮಕ್ಕಳಿಗೆ ಪಾಠ ಶುರು ಮಾಡಿದರು. 2002ರಲ್ಲಿ ಹಿರಿಯರಾದ ಲೂಯಿಸ್ ಓಬ್ರಿಯನ್ ಮತ್ತು ಅಲಿಚ ರಿಗ್ನಿ ಮುಂದೆ ನಿಂತು ಗಾರ್ನಾ ವರ್ರ ಪಿಂಚಂತಿ ಎಂಬ ಸಮಿತಿ ಮಾಡಿದರು. ವರ್ರ ಅಂದರೆ ಭಾಷೆ, ಪಿಂಚಂತಿ ಅಂದರೆ ಸೃಷ್ಟಿಸುವುದು. ಊರು, ಪಾರ್ಕು, ಕಟ್ಟಡ, ಏನಕ್ಕೇ ಗಾರ್ನಾ ಹೆಸರು ಬೇಕಾದರೂ ಅವರ ಹತ್ತಿರ ಹೋಗಬೇಕು.

ಇದು ನಮಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಅದರ ತೂಕ ತಿಳಿದಿರಲಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೆಯ ಪದಪಟ್ಟಿಯಿಂದ ಎರಡು ಪದ ಹುಡುಕಿ, ಜೋಡಿಸಿ, ಚೆಂದದ ಒಂದು ಪೋಸ್ಟರ್ ಮಾಡಿದರು. ನಾನು ಅದನ್ನು ಮೂವತ್ತು ಪ್ರತಿ ಪ್ರಿಂಟ್ ಹಾಕಿಸಿ ಬೇಲಿಗೆ ಕಟ್ಟಿದೆ. ಎರಡೇ ದಿನಕ್ಕೆ ಫೋನ್ ಬಂತು. ಹತ್ತಿರದ ಬಡಾವಣೆಯಲ್ಲಿರುವ ಒಬ್ಬ ಗಾರ್ನಾ ಹಿರಿಯರು. ಇಲ್ಲಿ ಮೂಲನಿವಾಸಿ ಹಿರಿಯರನ್ನು ಗೌರವದಿಂದ ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ, ನಮ್ಮಲ್ಲಿ ಕರೆದ ಹಾಗೆ. ಆಂಟಿ ರೇಗಲಿಲ್ಲ. "ನಿಮ್ಮ ಮಗುವಿಗೆ ಪಕ್ಕದ ಮನೆಯವರು ಬಂದು ಹೆಸರಿಟ್ಟು ಹೋದರೆ ಹೇಗನ್ನಿಸುತ್ತದೆ?" ಅಂತ ಮಾತ್ರ ಕೇಳಿದರು. ಅವತ್ತೇ ಸಂಜೆ ಮಳೆಯಲ್ಲಿ ಹೋಗಿ ಮೂವತ್ತೂ ಪೋಸ್ಟರ್ ಕಿತ್ತು ತಂದೆ. ಮಾರನೇ ವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಟೀ ಕೊಟ್ಟರು.

ಆ ಟೀ ಕುಡಿಯುತ್ತಾ ಅವರು ಹೇಳಿದ ಒಂದು ವಿಷಯ ನನ್ನ ಯೋಚನೆಯನ್ನೇ ತಿರುಗಿಸಿತು. ನಾವು ಪದೇ ಪದೇ "ಮೂಲ ಹೆಸರು ವಾಪಸ್ ತರಬೇಕು" ಅನ್ನುತ್ತಿದ್ದೆವು. ಆಂಟಿ ಹೇಳಿದ್ದು, ನಿಮ್ಮ ತೊರೆಗೆ ನಮ್ಮವರು ಏನಂತ ಕರೆಯುತ್ತಿದ್ದರೋ ಅದನ್ನು ಯಾರೂ ಬರೆದಿಟ್ಟಿಲ್ಲ. ಅದು ಹೋಗಿದೆ. ಈಗ ಸಿಗುವುದು ಹೊಸ ಹೆಸರು, ನಮ್ಮ ಭಾಷೆಯ ಪದಗಳಿಂದ ನಾವು ಈಗ ಕೊಡುವ ಹೆಸರು. ಬೋರ್ಡಿನಲ್ಲಿ ಮೂಲ ಹೆಸರು ಅಂತ ಸುಳ್ಳು ಬರೆಯಬೇಡಿ.

ಕಳೆದುಹೋದದ್ದನ್ನು ಕಳೆದುಹೋಗಿದೆ ಅಂತಲೇ ಹೇಳಬೇಕು ಅನ್ನುವ ಆ ಹಠ ನನಗೆ ತುಂಬಾ ದೊಡ್ಡದಾಗಿ ಕಂಡಿತು.

ನಮ್ಮ ಕನ್ನಡ ಕೂಟದಲ್ಲಿ ಈ ವಿಷಯ ಹೇಳಿದಾಗ ಒಬ್ಬರು, "ಓ, ಬ್ಯಾಂಗಲೋರ್ ಹೋಗಿ ಬೆಂಗಳೂರು ಆದ ಹಾಗೆ ಅಲ್ವಾ" ಅಂದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರು ಬದಲಾದಾಗ ಹೆಚ್ಚಿನ ಕಡೆ ಬದಲಾದದ್ದು ಇಂಗ್ಲಿಷ್ ಬೋರ್ಡು ಮಾತ್ರ. ಶಿವಮೊಗ್ಗದ ನಮ್ಮಜ್ಜಿ ಯಾವತ್ತೂ ಶಿಮೋಗಾ ಅಂದವರೇ ಅಲ್ಲ. ಹೆಸರು ನಮ್ಮ ಬಾಯಲ್ಲೇ ಇತ್ತು. ಇಲ್ಲಿ ಹಾಗಲ್ಲ. ಇಲ್ಲಿ ಬಾಯಿಂದಲೇ ಹೋದದ್ದನ್ನು ಕಾಗದದಿಂದ ಎತ್ತಿ ಮತ್ತೆ ಬಾಯಿಗೆ ತರಬೇಕು.

ಸರಿ, ಅರ್ಜಿ. ಕೆಲಸ ಎರಡು ಕಡೆ ಆಗಬೇಕು. ಪಾರ್ಕು, ಬೀದಿಗಳಿಗೆ ಹೆಸರಿಡುವ ಅಧಿಕಾರ ಇಲ್ಲಿ ಸ್ಥಳೀಯ ಕೌನ್ಸಿಲ್‌ನದು. ನದಿ, ಬೆಟ್ಟದಂಥವಕ್ಕೆ ರಾಜ್ಯ ಸರ್ಕಾರದ 1991ರ ಭೌಗೋಳಿಕ ಹೆಸರುಗಳ ಕಾಯ್ದೆ ಇದೆ, ಅದರ ಪ್ರಕಾರ ಇಂಗ್ಲಿಷ್ ಹೆಸರನ್ನು ಉಳಿಸಿಕೊಂಡೇ ಮೂಲನಿವಾಸಿ ಹೆಸರನ್ನೂ ಜೊತೆಗಿಡಬಹುದು. ಊರ ನಡುವಿನ ಟಾರೆನ್ಸ್ ನದಿಗೆ 2001ರಲ್ಲಿ ಹಾಗೇ ಕರ್ರವಿರ್ರ ಪರ್ರಿ ಅಂತ ಎರಡನೇ ಹೆಸರು ಬಂತು. ಕರ್ರ ಅಂದರೆ ರೆಡ್ ಗಮ್, ವಿರ್ರ ಅಂದರೆ ಕಾಡು, ಪರ್ರಿ ಅಂದರೆ ನದಿ. ನಮ್ಮದು ಪಾರ್ಕು, ಹಾಗಾಗಿ ಕೌನ್ಸಿಲ್ಲಿಗೆ ಒಂದು ಅರ್ಜಿ, ಹೆಸರಿಗಾಗಿ ಭಾಷಾ ಸಮಿತಿಗೆ ಇನ್ನೊಂದು.

ಭಾಷಾ ಸಮಿತಿಗೆ ಹೋದ ಅರ್ಜಿಯಲ್ಲಿ ನಮಗೆ ಇಷ್ಟವಾದ ಪದ ಯಾವುದು ಅಂತ ಬರೆಯಲಿಲ್ಲ. ಜಾಗ ಹೇಗಿದೆ, ತೊರೆ ಯಾವ ಕಡೆ ಹರಿಯುತ್ತದೆ, ಯಾವ ಮರ, ಯಾವ ಹಕ್ಕಿ, ನೀರು ಯಾವ ತಿಂಗಳು ನಿಲ್ಲುತ್ತದೆ, ಹೆಸರು ಎಲ್ಲೆಲ್ಲಿ ಬಳಸುತ್ತೀರಿ, ಯಾಕೆ ಬೇಕು, ಇಷ್ಟನ್ನೂ ಬರೆದೆವು. ಯಾಕೆ ಬೇಕು ಅನ್ನುವುದಕ್ಕೆ ನಾನು ನಾಲ್ಕು ಸಲ ಬರೆದು ಹರಿದು ಹಾಕಿದೆ. ಕೊನೆಗೆ ಬರೆದದ್ದು ಇಷ್ಟೇ: ನಾವು ಈ ಮರಗಳ ಕೆಳಗೆ ಹತ್ತು ವರ್ಷದಿಂದ ಮಣ್ಣು ಮುಟ್ಟಿ ಕೆಲಸ ಮಾಡುತ್ತಿದ್ದೇವೆ, ಈ ಮಣ್ಣಿನ ಭಾಷೆಯ ಒಂದು ಪದವೂ ನಮ್ಮ ಮಕ್ಕಳಿಗೆ ಬರುವುದಿಲ್ಲ.

ಆಮೇಲೆ ಕಾಯುವುದು. ಸಮಿತಿಯ ಮುಂದೆ ಅರ್ಜಿಗಳು ಸಾಲುಗಟ್ಟಿರುತ್ತವೆ, ಕೆಲಸ ಮಾಡುವವರು ಕೆಲವೇ ಜನ. ಅಷ್ಟರಲ್ಲಿ 2023ರ ಅಕ್ಟೋಬರ್ 14 ಬಂತು. ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಒಂದು ಮಂಡಳಿಯನ್ನು ಸಂವಿಧಾನಕ್ಕೆ ಸೇರಿಸಬೇಕೇ ಎಂಬ ಜನಮತ. ಇಡೀ ದೇಶದಲ್ಲಿ ಸೋತಿತು, ಪ್ರತಿಯೊಂದು ರಾಜ್ಯದಲ್ಲೂ ಸೋತಿತು. ಮೂಲನಿವಾಸಿ ನಾಯಕರು ಒಂದು ವಾರ ಮೌನ ಆಚರಿಸಿದರು. ಆಂಟಿಗೆ ನಾನು ಫೋನ್ ಮಾಡಲಿಲ್ಲ. ಏನಂತ ಮಾತಾಡುವುದು? ಡಿಸೆಂಬರಿನಲ್ಲಿ ಅವರೇ ಕರೆದು, ತೊರೆಯಲ್ಲಿ ನೀರಿದೆಯಾ ಅಂತ ಕೇಳಿದರು.

ಕೌನ್ಸಿಲ್ಲಿನ ಕಡೆಯಿಂದ ಮಾತ್ರ ನನಗೆ ಬೇಜಾರಾಯಿತು, ಮುಚ್ಚಿಡುವುದಿಲ್ಲ. ನಮ್ಮ ಅರ್ಜಿ ನೋಡುತ್ತಿದ್ದವರು ಕೆಲಸ ಬಿಟ್ಟರು, ಹೊಸಬರಿಗೆ ಫೈಲ್ ಸಿಗಲಿಲ್ಲ, ನಾವು ಎಲ್ಲವನ್ನೂ ಎರಡನೇ ಸಲ ಕಳಿಸಿದೆವು. ಐದು ತಿಂಗಳು ಹಾಗೇ ಹೋಯಿತು.

ಆ ಬಿಡುವಿನಲ್ಲಿ ನಾನು ಗಾರ್ನಾ ಉಚ್ಚಾರಣೆ ಕಲಿಯಲು ಶುರು ಮಾಡಿದೆ, ಸಮಿತಿಯವರು ಹಾಕಿರುವ ವಿಡಿಯೋಗಳನ್ನು ನೋಡಿ. ಇದರಲ್ಲಿ ನಮಗೆ, ಕನ್ನಡದವರಿಗೆ, ಒಂದು ಅನುಕೂಲ ಇದೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ತ, ಟ ಎರಡೂ ಒಂದೇ. ನ, ಣ ಒಂದೇ. ಲ, ಳ ಒಂದೇ. ಗಾರ್ನಾದಲ್ಲಿ ಇವೆಲ್ಲ ಬೇರೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಳಕಾರ ತೋರಿಸಲು ಎಲ್‌ಗೆ ಮೊದಲು ಒಂದು ಆರ್ ಹಾಕುತ್ತಾರೆ, ಟಕಾರಕ್ಕೆ ಟಿಗೆ ಮೊದಲು ಒಂದು ಆರ್. ಆ ಆರ್ ಅನ್ನು ಹೇಳಬಾರದು, ಅದು ನಾಲಿಗೆ ಮಡಚು ಅನ್ನುವ ಗುರುತು ಮಾತ್ರ. ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಙ, ಞ ಇವೆಯಲ್ಲ, ಒಂದನೇ ತರಗತಿಯಲ್ಲಿ ಬರೆದು ಆಮೇಲೆ ಬಳಸದೇ ಬಿಟ್ಟವು, ಅವು ಗಾರ್ನಾದಲ್ಲಿ ದಿನಾ ಬೇಕು. ಥ್ಯಾಂಕ್ಸ್ ಹೇಳುವ ಪದ ಶುರುವಾಗುವುದೇ ಙ ಇಂದ: ಙೈಚಲ್ಯ.

ನಮಸ್ಕಾರದ ಬದಲು ಅವರು ಕೇಳುವುದು "ನೀನ ಮಣಿ?" ಅಂತ. ನೀನು ಚೆನ್ನಾಗಿದ್ದೀಯಾ ಅಂತ ಅರ್ಥ. ನೀನ ಅಂದರೆ ನೀನು! ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಇದನ್ನಿಟ್ಟುಕೊಂಡು ದ್ರಾವಿಡ ನಂಟು ಅಂತ ಕಥೆ ಕಟ್ಟುವುದು ಬೇಡ, 19ನೇ ಶತಮಾನದಲ್ಲೇ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಇಂಥ ಹೋಲಿಕೆ ಗುರುತಿಸಿದ್ದರು, ಇವತ್ತಿನವರೆಗೆ ಅದು ಸಾಬೀತಾಗಿಲ್ಲ. ನನಗೆ ಆದ ಖುಷಿಗೆ ಸಾಬೀತು ಬೇಕಿರಲಿಲ್ಲ. ಹೊಸ ಪದಗಳನ್ನೂ ಕಟ್ಟುತ್ತಿದ್ದಾರೆ. ಕಂಪ್ಯೂಟರಿಗೆ ಮೆದುಳು ಮತ್ತು ಮಿಂಚು ಎರಡನ್ನೂ ಸೇರಿಸಿ ಪದ ಮಾಡಿದ್ದಾರೆ. ಮಿಂಚಿನ ಮೆದುಳು.

ಅದೇ ಬೇಸಿಗೆಯಲ್ಲಿ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಅವರನ್ನು ಟ್ರಾಮಿನಲ್ಲಿ ವಿಕ್ಟೋರಿಯಾ ಚೌಕಕ್ಕೆ ಕರೆದುಕೊಂಡು ಹೋದೆ. 1971ರ ಜುಲೈ 12ರಂದು ಮೂಲನಿವಾಸಿಗಳ ಕಪ್ಪು, ಕೆಂಪು, ಹಳದಿ ಬಾವುಟ ಮೊದಲ ಸಲ ಹಾರಿದ್ದು ಅಲ್ಲೇ. ಬೋರ್ಡಿನಲ್ಲಿ ಆ ಚೌಕದ ಗಾರ್ನಾ ಹೆಸರೂ ಇದೆ, ಇಂಗ್ಲಿಷಿನಲ್ಲಿ 13 ಅಕ್ಷರ. ಅಮ್ಮ ಓದಲು ಹೋಗಿ, ತಾರ್ನ್‌ಟನ್ ಅಂತ ಶುರು ಮಾಡಿ, ಬಿಟ್ಟುಬಿಟ್ಟರು. ನಾನು ಕಾಫಿ ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆ. ತಂಟಞಂಗ. ನಾಲ್ಕೇ ಅಕ್ಷರ. ಒಂದೇ ಸಲಕ್ಕೆ ಓದಿದರು. ತಂಟ ಅಂದರೆ ಗಂಡು ಕೆಂಪು ಕಾಂಗರೂ, ತಂಟಞ ಅಂದರೆ ಕಾಂಗರೂವಿನ ಜಾಗ, ಕೊನೆಯ ಂಗ ಅಂದರೆ ನಮ್ಮ ಅಲ್ಲಿ. ಇಲ್ಲಿನ ಎಷ್ಟೋ ಊರುಗಳ ಹೆಸರಿನ ಬಾಲ ಅದೇ, ಆಲ್ಡಿಂಗ, ವಿಲ್ಲಂಗ, ನೋರ್ಲಂಗ. ಕವಾಂಡಿಲ್ಲ ಅನ್ನುವುದರ ಇಲ್ಲ ಕೂಡ ಅದೇ ಅರ್ಥದ್ದು. ಬಿಳಿಯರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡ ಹೆಸರುಗಳು ಇವು, ಗೊತ್ತಿಲ್ಲದೇ ಇಡೀ ಊರು ದಿನಾ ಗಾರ್ನಾ ಮಾತಾಡುತ್ತಿದೆ.

ಅಡಿಲೇಡ್ ನಗರ ಕೌನ್ಸಿಲ್ 1997ರಲ್ಲಿ ಈ ಜೋಡಿ ಹೆಸರಿನ ಕೆಲಸಕ್ಕೆ ಕೈಹಾಕಿತು. ನಗರದ ಸುತ್ತ ಇರುವ ಹಸಿರು ಪಟ್ಟಿಯ ಪಾರ್ಕುಗಳಿಗೆಲ್ಲ ಗಾರ್ನಾ ಹೆಸರು ಬಂತು. ಪೂರ್ವದಲ್ಲಿ ಒಂದರ ಪಕ್ಕ ಒಂದು ಮೂರು ಪಾರ್ಕುಗಳಿಗೆ ಕಡ್ಲಿಟ್ಪಿನ, ಮುಳವಿರ್ರಪುರ್ಕ, ಇಚಮೈ-ಇಟ್ಪಿನ ಅಂತ ಮೂವರು ಗಾರ್ನಾ ಹಿರಿಯರ ಹೆಸರು. ಬ್ರಿಟಿಷರು ಇವರನ್ನು ಕ್ಯಾಪ್ಟನ್ ಜ್ಯಾಕ್, ಕಿಂಗ್ ಜಾನ್, ಕಿಂಗ್ ರಾಡ್ನಿ ಅಂತ ಕರೆಯುತ್ತಿದ್ದರು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೌಕಗಳ ಹೆಸರು. ನಗರದಲ್ಲಿ ಆರು ಚೌಕಗಳಿವೆ. ನಡುವಿನದನ್ನು ಬಿಟ್ಟರೆ ಉಳಿದ ಐದೂ ಗಂಡಸರ ಹೆಸರಿನವು, ಹಿಂಡ್‌ಮಾರ್ಶ್, ಲೈಟ್, ಹರ್ಟಲ್, ವಿಟ್‌ಮೋರ್, ವೆಲಿಂಗ್ಟನ್. ಆ ಐದಕ್ಕೂ ಜೊತೆಯಾಗಿ ಐದು ಗಾರ್ನಾ ಹೆಂಗಸರ ಹೆಸರಿಟ್ಟಿದ್ದಾರೆ. ಮುಕಟ, ವೌವಿ, ತಂಕೈರ, ಇಪರ್ರಿಚಿ, ಕುಡ್ನಟು. ಇಪರ್ರಿಚಿ ಅಂದರೆ ಅದೇ ತುಂತುರು ಮಳೆಯ ಇವರಿಚಿ, ಈಗಿನ ಕಾಗುಣಿತದಲ್ಲಿ.

ಕುಡ್ನಟು 1848ರಲ್ಲಿ ಒಬ್ಬ ಇಂಗ್ಲಿಷಿನವನನ್ನು ಮದುವೆಯಾದರು, ಈ ರಾಜ್ಯದಲ್ಲಿ ಕಾನೂನು ಪ್ರಕಾರ ಹಾಗೆ ಮದುವೆಯಾದ ಮೊದಲ ಮೂಲನಿವಾಸಿ ಹೆಣ್ಣು. ಅಮ್ಮ ಆ ಹೆಸರಿನ ಅರ್ಥ ಕೇಳಿದರು. ಗಾರ್ನಾ ಜನ ಹುಟ್ಟಿದ ಕ್ರಮದಲ್ಲಿ ಮಕ್ಕಳಿಗೆ ಹೆಸರಿಡುತ್ತಿದ್ದರು, ಮೂರನೆಯದು ಹೆಣ್ಣಾದರೆ ಕುಡ್ನಟು. ಅಮ್ಮ ಏಳು ಮಕ್ಕಳಲ್ಲಿ ಮೂರನೆಯವರು. "ಹಂಗಾದ್ರೆ ನಾನೂ ಅದೇ ಕಣೇ" ಅಂದರು. ಟ್ರಾಮಿನಲ್ಲಿ ಮನೆ ತನಕ ಆ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು.

ನಮ್ಮ ಪಾರ್ಕಿಗೆ ಹೆಸರು ಬಂದದ್ದು 2024ರ ಚಳಿಗಾಲದಲ್ಲಿ. ಒಂದು ಪತ್ರ, ಹೆಸರು, ಅರ್ಥ, ಅದರ ಹಿಂದಿನ ಪದಗಳು 1840ರ ಪಟ್ಟಿಯಲ್ಲಿ ಹೇಗಿವೆ, ಈಗ ಯಾಕೆ ಹೀಗೆ ಬರೆಯಬೇಕು ಅನ್ನುವ ವಿವರ, ಜೊತೆಗೆ ಹೇಳಿ ತೋರಿಸಿದ ಧ್ವನಿ. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೌನ್ಸಿಲ್ ಒಪ್ಪುವ ತನಕ ಹರಡಬೇಡಿ ಅಂತ ಕೇಳಿಕೊಂಡಿದ್ದಾರೆ. ಪೋಸ್ಟರಿನ ತಪ್ಪನ್ನು ಇನ್ನೊಂದು ಸಲ ಮಾಡಲಾರೆ. ಧ್ವನಿಯನ್ನು ನಾನು ಅಡುಗೆಮನೆಯಲ್ಲಿ ನಿಂತು ಇಪ್ಪತ್ತು ಸಲ ಕೇಳಿದೆ. ನಮ್ಮ ಪೋಸ್ಟರಿನ ಹೆಸರಿಗೂ ಇದಕ್ಕೂ ಏನೂ ಸಂಬಂಧ ಇರಲಿಲ್ಲ. ನಾವು ಮರ ನೋಡಿ ಹೆಸರಿಟ್ಟಿದ್ದೆವು. ಅವರು ನೀರು ನೋಡಿ ಇಟ್ಟಿದ್ದರು.

ಅಕ್ಕಪಕ್ಕದ ಮನೆಗಳಿಗೆ ಹಂಚಲು ಕೌನ್ಸಿಲ್ ಚೀಟಿ ತಯಾರಿಸಿತು. ಅಚ್ಚಿಗೆ ಹೋಗುವ ಮೊದಲು ನಮಗೆ ತೋರಿಸಿದಾಗ ಹೆಸರಿನಲ್ಲಿ ಒಂದು ಆರ್ ಬಿಟ್ಟುಹೋಗಿತ್ತು. ಒಂದೇ ಅಕ್ಷರ ತಾನೇ, ಹೋಗಲಿ ಬಿಡಿ ಅಂದರು. ನಾನು ಒಪ್ಪಲಿಲ್ಲ. ಆ ಆರ್ ಹೋದರೆ ಳ ಹೋಗಿ ಲ ಆಗುತ್ತದೆ. ಹಳ್ಳಿ ಅಂತ ಬರೆಯುವ ಕಡೆ ಹಲ್ಲಿ ಅಂತ ಬರೆದರೆ ನಾವು ಬಿಡುತ್ತೇವಾ? ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ನನಗೆ ಹತ್ತು ನಿಮಿಷ ಬೇಕಾಯಿತು, ಆದರೆ ತಿದ್ದಿದರು.

ಬಂದ ಉತ್ತರಗಳಲ್ಲಿ ಹೆಚ್ಚಿನವು ಪರವಾಗಿದ್ದವು. ಬೇಡ ಅಂದವರು ಹೇಳಿದ್ದು ಹೇಳಲು ಕಷ್ಟ, ದುಡ್ಡು ದಂಡ, ಇದ್ದ ಹೆಸರಿಗೆ ಏನಾಗಿದೆ ಅಂತ. ಹೇಳಲು ಕಷ್ಟ ಅಂದವರಿಗೆ ನಾನು ಬೈಯುವುದಿಲ್ಲ. ನನ್ನ ಹೆಸರನ್ನೂ ಈ ಊರು ಸರಿಯಾಗಿ ಹೇಳಲು ಎರಡು ವರ್ಷ ತೆಗೆದುಕೊಂಡಿತು, ಕಲಿತರು. ಹೆಚ್ಚು ನೋವಾದದ್ದು ನಮ್ಮವರೇ ಒಬ್ಬರು ಕೇಳಿದಾಗ. "ನಾವು ಹೊರಗಿಂದ ಬಂದವರು, ಬಿಳಿಯರಿಗೂ ಇವರಿಗೂ ಮಧ್ಯೆ ನಾವ್ಯಾಕೆ ಹೋಗಬೇಕು ಹೇಳಮ್ಮ?" ಅಂತ. ಅಣ್ಣ ಅಂತ ಕರೆಯುವ ಮನುಷ್ಯ, ಒಳ್ಳೆಯವರೇ. ನನ್ನ ಉತ್ತರ ಇದು. ನಾವು ಮನೆ ಕೊಂಡ ನೆಲ ಅವರದ್ದು. ಅಡಿಲೇಡ್ ಬಯಲಿನ ಮೇಲೆ ಗಾರ್ನಾ ಜನರ ಹಕ್ಕನ್ನು ಫೆಡರಲ್ ಕೋರ್ಟ್ ಒಪ್ಪಿದ್ದು 2018ರಲ್ಲಿ, ಅರ್ಜಿ ಹಾಕಿ 18 ವರ್ಷ ಆದ ಮೇಲೆ. ಅದೂ ಅಲ್ಲಲ್ಲಿ ಉಳಿದ ತುಂಡು ನೆಲಗಳಿಗೆ. ಉಳಿದದ್ದರ ಮೇಲೆಲ್ಲ ಮನೆಗಳಿವೆ. ನಮ್ಮದೂ ಒಂದು. ಹಾಗಿರುವಾಗ ನಾವು ಮಧ್ಯದಲ್ಲಿ ಇಲ್ಲ ಅಣ್ಣ, ಒಳಗೇ ಇದ್ದೇವೆ.

ಅವರು ಏನೂ ಹೇಳಲಿಲ್ಲ. ಹೋದ ತಿಂಗಳ ಭಾನುವಾರ ಗಿಡ ನೆಡಲು ಬಂದಿದ್ದರು, ಯಾಕೆ ಬಂದರು ಅಂತ ನಾನು ಕೇಳಲಿಲ್ಲ.

ಕೌನ್ಸಿಲ್ ಸಭೆ ಮುಂದಿನ ಮಂಗಳವಾರ. ಸಾರ್ವಜನಿಕರಿಗೆ ಕೊಡುವ ಸಮಯದಲ್ಲಿ ಐದು ನಿಮಿಷ ನಮ್ಮ ಗುಂಪಿಗೆ ಸಿಕ್ಕಿದೆ, ಮಾತಾಡುವುದು ನಾನು. ಆಂಟಿಯನ್ನು ಮೊದಲು ಕೇಳಿದೆ, ನೀವು ಬಂದು ಮಾತಾಡುತ್ತೀರಾ ಅಂತ. ಬರುತ್ತೇನೆ, ಹಿಂದೆ ಕೂತಿರುತ್ತೇನೆ, ನಮ್ಮ ಮಾತನ್ನು ನಾವೇ ಎಷ್ಟು ಸಲ ಹೇಳುವುದು, ಈ ಸಲ ನೀನು ಹೇಳು ಅಂದರು. ಒಂದೇ ಷರತ್ತು ಹಾಕಿದ್ದಾರೆ. ಹೆಸರನ್ನು ಚೀಟಿ ನೋಡದೇ ಹೇಳಬೇಕು. ಒತ್ತು ಮೊದಲ ಅಕ್ಷರದ ಮೇಲೆ ಬೀಳಬೇಕು, ನನಗೆ ಅದು ಎರಡನೆಯದರ ಮೇಲೆ ಜಾರುತ್ತದೆ. ಪಾತ್ರೆ ತೊಳೆಯುವಾಗ ಹೇಳುತ್ತಿರುತ್ತೇನೆ, ಕಾರಿನಲ್ಲಿ ಹೇಳುತ್ತಿರುತ್ತೇನೆ. ನಿನ್ನೆ ಸಂಜೆ ಫೋನಿನಲ್ಲಿ ಆಂಟಿಗೆ ಹೇಳಿ ತೋರಿಸಿದೆ. ಇನ್ನೊಂದು ಸಲ ಅಂದರು. ಇನ್ನೊಂದು ಸಲ ಹೇಳಿದೆ.